ಅನುಮತಿಯಿಲ್ಲದ ಮೂರು ಹಿಡಿ ಮಣ್ಣು

ಗ್ರೀಕರ ದುರಂತ ನಾಟಕವನ್ನು ಆರಿಸಿಕೊಂಡಿದ್ದಕ್ಕೆ ನನ್ನಲ್ಲಿ ಎರಡು ಕಾರಣಗಳಿದ್ದವು. ಸಭೆಯಲ್ಲಿ ಹೇಳಿದ್ದು, ಒಬ್ಬ ವ್ಯಕ್ತಿಯ ಆತ್ಮಸಾಕ್ಷಿಯೂ ರಾಜ್ಯದ ಕಾನೂನೂ ಎದುರುಬದುರಾಗಿ ನಿಲ್ಲುವ ಇಂಥ ಕಥೆ ಸರ್ಕಾರಿ ನೌಕರರಿಗೆ ಬಹಳ ಹತ್ತಿರದ್ದು ಎಂದು. ಹೇಳದೆ ಉಳಿಸಿಕೊಂಡದ್ದು, ಅದಕ್ಕೆ ಸೀನರಿ ಬೇಡ, ಸಿಂಹಾಸನ ಬೇಡ, ಹಾರ್ಮೋನಿಯಂ ಮೇಷ್ಟ್ರು ಬೇಡ, ಸ್ವಲ್ಪ ಕತ್ತರಿ ಆಡಿಸಿದರೆ ಒಂದೇ ಹೆಣ್ಣು ಪಾತ್ರದಲ್ಲಿ ಮುಗಿಯುತ್ತದೆ ಎಂದು.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಪಾಂಡವಪುರದಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದೆ. ಶ್ರೀರಂಗಪಟ್ಟಣದಲ್ಲಿ ನೌಕರರ ನಾಟಕ ಸ್ಪರ್ಧೆ ಏರ್ಪಟ್ಟಿತ್ತು. ನಮ್ಮ ಕಡೆಯ ನಾಲ್ಕು ತಾಲ್ಲೂಕು ಸೇರಿ ಒಂದು ತಂಡ ಕಟ್ಟಬೇಕು ಎಂದಾಯಿತು. ನಿರ್ದೇಶಕನಾಗಲು ಯಾರೂ ಮುಂದೆ ಬರಲಿಲ್ಲ. ನಾನೂ ಬರಲಿಲ್ಲ. ಆದರೆ ಆಗುವುದಿಲ್ಲ ಎಂದು ಹೇಳಲು ನನಗೆ ಹೆದರಿಕೆ, ಹಾಗಾಗಿ ನಿರ್ದೇಶಕನಾದೆ.

ಕಥೆ ಸರಳ. ಅಣ್ಣತಮ್ಮಂದಿರಿಬ್ಬರು ಊರಿನ ಅಧಿಕಾರಕ್ಕಾಗಿ ಬಡಿದಾಡಿ ಸಾಯುತ್ತಾರೆ. ಹೊಸ ರಾಜ ಒಬ್ಬನಿಗೆ ಮರ್ಯಾದೆಯ ಸಂಸ್ಕಾರ ಮಾಡಿಸುತ್ತಾನೆ. ಇನ್ನೊಬ್ಬ ದ್ರೋಹಿ, ಅವನ ಹೆಣಕ್ಕೆ ಯಾರೂ ಮಣ್ಣು ಹಾಕಕೂಡದು, ಹಾಕಿದವರಿಗೆ ಸಾವು ಎಂದು ಡಂಗುರ ಹೊಡೆಸುತ್ತಾನೆ. ತಂಗಿ ಹೋಗಿ ಮಣ್ಣು ಹಾಕುತ್ತಾಳೆ. ಮುಂದಿನದೆಲ್ಲ ಅದರಿಂದಾಗುವ ಅನಾಹುತ.

ರಾಜನ ಪಾತ್ರಕ್ಕೆ ನಮ್ಮ ರೆವಿನ್ಯೂ ಇನ್ಸ್‌ಪೆಕ್ಟರು ತಾವೇ ತಮ್ಮನ್ನು ನೇಮಿಸಿಕೊಂಡರು. ಪೌರಾಣಿಕ ನಾಟಕಗಳಲ್ಲಿ ಗದೆ ಹೊತ್ತು ಅಭ್ಯಾಸವಿದ್ದ ದೊಡ್ಡ ಮೈಯವರು. ಪ್ರವೇಶಕ್ಕೆ ಒಂದು ಹಾಡು ಕೊಡಿ ಎಂದು ಮೂರು ಭಾನುವಾರ ನನ್ನ ಹಿಂದೆ ಬಿದ್ದರು. ಹಾಡಿಲ್ಲ ಎಂದು ಗೊತ್ತಾದ ಮೇಲೆ ಪಾತ್ರದ ಒಳಕ್ಕೆ ಇಳಿದರು.

“ಈ ರಾಜ ಕೆಟ್ಟೋನಲ್ಲ ಕಣ್ ಸಾ,” ಎಂದರು ಒಂದು ದಿನ. “ಒಂದ್ಸಲ ಆರ್ಡ್ರು ಒಂಟೋಯ್ತು ಅಂದ್ರೆ ವಾಪಸ್ ತಗೊಳೋದು ತಮಾಸೆ ಅಲ್ಲ. ಕೆಳಗಿರೋರು ನಗ್ತಾರೆ, ಮೇಲಿರೋರು ಬೈತಾರೆ. ಪಾಪ ಅನ್ಸುತ್ತೆ ನಂಗೆ.”

ತಂಗಿಯ ಪಾತ್ರಕ್ಕೆ ಬಂದವರು ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಕೆಲಸಕ್ಕಿದ್ದ ನರ್ಸಮ್ಮ. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಮನೆಯಲ್ಲಿ ಸಂಬಳ ತರುವವರು ಅವರೊಬ್ಬರೇ. ಪ್ರೊಬೇಷನ್ ಅಂದರೆ ಏನೆಂದು ಸರ್ಕಾರಿ ಕೆಲಸದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಮೇಲಿನವರೊಬ್ಬರು ಎರಡು ಸಾಲು ಕೆಟ್ಟದಾಗಿ ಬರೆದರೆ ಕೆಲಸ ಖಾಯಂ ಆಗುವುದಿಲ್ಲ. ಇನ್ನೆರಡು ಸಾಲು ಬರೆದರೆ ಕೆಲಸವೇ ಇರುವುದಿಲ್ಲ. ಈ ಸಂಗತಿ ತಿಳಿದ ದಿನದಿಂದ ಅವರ ಪರವಾಗಿ ಚಿಂತೆ ಮಾಡುವ ಹೊಣೆಯನ್ನೂ ನಾನೇ ಹೊತ್ತುಕೊಂಡೆ. ಅವರಾಗಿ ಚಿಂತೆ ಮಾಡಿದ್ದನ್ನು ನಾನು ಕಾಣೆ.

ಮೇಳಕ್ಕೆ ನಾಲ್ಕು ಗುಮಾಸ್ತರು. ಗ್ರೀಕ್ ನಾಟಕದಲ್ಲಿ ಊರ ಹಿರಿಯರ ಒಂದು ಗುಂಪು ನಿಂತು ಒಟ್ಟಾಗಿ ಮಾತಾಡುತ್ತದೆ. ನಾಲ್ಕು ಇಲಾಖೆಯ ನಾಲ್ವರು ಒಂದೇ ಮಾತನ್ನು ಒಂದೇ ಸಲಕ್ಕೆ ಹೇಳುವುದು ಸರ್ಕಾರದ ಚರಿತ್ರೆಯಲ್ಲೇ ನಡೆದದ್ದಿಲ್ಲ. ನಾಗಮಂಗಲದವರು ಬಸ್ಸು ತಡವಾಗಿ ಬರುವಂತೆ ಮಾತಿಗೂ ತಡವಾಗಿ ಬರುತ್ತಿದ್ದರು. ಕೊನೆಗೆ ಎಲ್ಲರನ್ನೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಡುವಂತೆ ನಿಲ್ಲಿಸಿ, ಮುಂದಿನವರು ಉಸಿರೆಳೆದದ್ದು ಹಿಂದಿನವರ ಅಂಗೈಗೆ ಗೊತ್ತಾಗುವ ಹಾಗೆ ಮಾಡಿದೆ. ಅದು ಫಲಿಸಿತು. ಹುಣಸೆಬೀಜದ ಅಂಟಿನಲ್ಲಿ ಹಳೇ ಪೇಪರು ನೆನೆಸಿ ಮುಖವಾಡಗಳನ್ನೂ ಮಾಡಿದೆವು. ಹಾಕಿಕೊಂಡರೆ ಮಾತು ಕೊಡದೊಳಗಿಂದ ಬಂದಂತಾಗುತ್ತಿತ್ತು. ಬಾಯಿಯ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದ ಮೇಲೆ ಸರಿಹೋಯಿತು.

ಇನ್ನುಳಿದದ್ದು ಹೆಣ. ಮೂಲದಲ್ಲಿ ಅದು ರಂಗದ ಮೇಲೆ ಬರುವುದೇ ಇಲ್ಲ. ತಂಗಿ ಮಣ್ಣು ಹಾಕುವುದನ್ನೂ ತೋರಿಸುವುದಿಲ್ಲ. ಕಾವಲುಗಾರನೊಬ್ಬ ಬಂದು ವರದಿ ಒಪ್ಪಿಸುತ್ತಾನೆ. ನನಗೆ ಅದು ಸಪ್ಪೆ ಎನ್ನಿಸಿತು. ನಿರ್ದೇಶಕ ಅನ್ನಿಸಿಕೊಂಡ ಮೇಲೆ ಏನಾದರೂ ಹೊಸತು ಮಾಡಬೇಡವೇ? ಹೆಣವನ್ನು ರಂಗದ ಮುಂಭಾಗದಲ್ಲೇ ಮಲಗಿಸಿ, ಮೊದಲಿನಿಂದಲೂ ಅದನ್ನು ದಾಟಿಕೊಂಡೇ ಎಲ್ಲರೂ ಓಡಾಡುವ ಹಾಗೆ ಮಾಡಿದೆ. ಹೆಣವಾಗಿ ಮಲಗಲು ಯಾವ ನೌಕರನೂ ಒಪ್ಪಲಿಲ್ಲ. ಹೆಂಡತಿಗೆ ಗೊತ್ತಾದರೆ ಮನೆಗೆ ಸೇರಿಸುವುದಿಲ್ಲ ಎಂದರು. ಗೋಣಿಚೀಲಕ್ಕೆ ಭತ್ತದ ಹುಲ್ಲು ತುಂಬಿ, ಮೇಲೆ ಬಿಳಿ ಪಂಚೆ ಹೊದಿಸಿದೆವು. ನಡುವೆ ತಂಗಿ ಬಂದು ಮೂರು ಹಿಡಿ ಮಣ್ಣು ಹಾಕುತ್ತಾಳೆ. ಮೇಳದವರು ಪಂಚೆಯನ್ನು ಮುಖದ ಮೇಲೆಳೆದು ಗೊಂಬೆಯನ್ನು ಹಿಂದಕ್ಕೆ ಹೊತ್ತೊಯ್ಯುತ್ತಾರೆ. ಇದು ನನ್ನ ವ್ಯವಸ್ಥೆ. ನನ್ನ ಜಾಣತನದ ಬಗ್ಗೆ ನನಗೇ ಮೆಚ್ಚುಗೆಯಾಗಿ ಒಂದು ವಾರ ಚಿಂತೆಯೇ ಇಲ್ಲದೆ ಇದ್ದೆ.

ಸ್ಪರ್ಧೆಗೆ ಹಸ್ತಪ್ರತಿ ಕಳಿಸಿ ಅನುಮತಿ ಪಡೆಯಬೇಕಿತ್ತು. ಉಸ್ತುವಾರಿಯ ಅಧಿಕಾರಿಗಳು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯರು, ಕಾಫಿ ತರಿಸಿದರು. ಹಿಂದಿನ ಸಲ ಯಾರೋ ಒಬ್ಬ ಮಂತ್ರಿಯನ್ನು ಅಣಕಿಸಿ ಪ್ರಹಸನ ಮಾಡಿ, ಉತ್ತರ ಹೇಳುವ ಪಾಡು ಇವರದಾಗಿತ್ತಂತೆ.

“ನಾಟಕ ಚೆನ್ನಾಗಿದೆ ಮೇಷ್ಟ್ರೇ,” ಎಂದರು. “ಆದರೆ ನೌಕರರೇ ನಿಂತು ಸರ್ಕಾರದ ಆಜ್ಞೆ ಮುರಿಯೋದನ್ನ ಮಾಡಿ ತೋರಿಸೋದು ಬೇಡ. ಮಣ್ಣು ಹಾಕಿದಳು ಅಂತ ಯಾರಾದರೂ ಬಂದು ಹೇಳಲಿ. ಅದೊಂದು ದೃಶ್ಯ ತೆಗೆದುಬಿಡಿ.”

ನಾನು ತಕ್ಷಣ ಒಪ್ಪಿಕೊಂಡೆ. ಹೆದರಿ ಒಪ್ಪಿದ್ದೇನೋ ನಿಜ. ಆದರೆ ಬಾಗಿಲು ದಾಟುವ ಹೊತ್ತಿಗೆ ನನಗೆ ಶಾಸ್ತ್ರಾಧಾರವೂ ಸಿಕ್ಕಿಬಿಟ್ಟಿತ್ತು. ಗ್ರೀಕರೂ ತೋರಿಸಿರಲಿಲ್ಲವಲ್ಲ! ನರ್ಸಮ್ಮನಿಗೆ ಹೇಳಿದಾಗ ಅವರು ನನ್ನನ್ನೇ ನೋಡಿದರು.

“ಆಸ್ಪತ್ರೇಲಿ ಟ್ರೈನಿಂಗಲ್ಲಿದ್ದಾಗ ವಾರಸುದಾರ್ರು ಇಲ್ದಿರೋ ಎಣಾನ ಗಾಡೀಲಿ ತಗೊಂಡೋಗೋರು ಸಾ. ಡ್ಯೂಟಿ ಮುಗುಸ್ಕೊಂಡು ನಾನೂ ಓಗಿ ಒಂದ್ ಇಡಿ ಮಣ್ಣಾಕಿ ಬತ್ತಿದ್ದೆ. ಬಾಯ್ಮಾತ್ಗೆ ಆಕಿದ್ಲು ಅಂದ್ರೆ ಆಯ್ತದಾ?”

“ನಾಟಕದಲ್ಲಿ ಆಗುತ್ತಮ್ಮ,” ಎಂದೆ.

ಸ್ಪರ್ಧೆಗೆ ಮುಂಚೆ ಜನರ ಮುಂದೆ ಒಂದು ಸಲ ಆಡಿಬಿಡೋಣ ಎಂದುಕೊಂಡು ತೊಣ್ಣೂರು ಕೆರೆಯ ಆಚೆ ಬದಿಯ ಒಂದು ಹಳ್ಳಿಗೆ ಹೋದೆವು. ಮಾರಮ್ಮನ ಗುಡಿಯ ಎದುರಿನ ಕಟ್ಟೆಯೇ ನಮ್ಮ ರಂಗ. ಕರೆಂಟು ನಂಬಿಕೊಂಡು ಕೂರುವ ಕಾಲವಲ್ಲ. ಬೆಳಕಿರುವಾಗಲೇ ಶುರು ಮಾಡಿ ದೀಪ ಹಚ್ಚುವ ಹೊತ್ತಿಗೆ ಮುಗಿಸಿದೆವು. ಜನ ಅಲುಗದೆ ನೋಡಿದರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡೆ. ಹೇಳಿದ ಹಾಗೆ ಮಣ್ಣಿನ ದೃಶ್ಯ ಕಿತ್ತುಹಾಕಿದ್ದೆವು. ಕಾವಲುಗಾರ ಬಂದು ವರದಿ ಒಪ್ಪಿಸಿದ. ಕೊನೆಯಲ್ಲಿ ಮೇಳದವರು ತಲೆಬಾಗಿದರು. ನಾಟಕ ಮುಗಿಯಿತು.

ಯಾರೂ ಏಳಲಿಲ್ಲ.

ಚಪ್ಪಾಳೆಯೂ ಇಲ್ಲ, ಮಾತೂ ಇಲ್ಲ. ನಾನು ಮುಂದೆ ಬಂದು ಕೈಮುಗಿದು, “ನಾಟಕ ಮುಗೀತು, ತಮಗೆಲ್ಲ ವಂದನೆಗಳು,” ಎಂದೆ.

“ಮುಗುದ್ರೆ ಎಣ ಎತ್ತುಸ್ರಪ್ಪ,” ಎಂದಳು ಮುಂದೆ ಕೂತಿದ್ದ ಒಬ್ಬ ಮುದುಕಿ.

ಆಗ ನನಗೆ ಹೊಳೆಯಿತು. ದೃಶ್ಯದ ಜೊತೆಗೆ ಹೊತ್ತೊಯ್ಯುವುದೂ ಕಿತ್ತುಹೋಗಿ, ಗೊಂಬೆ ಕಟ್ಟೆಯ ಮೇಲೇ ಬಿದ್ದಿತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ಹೆಣ ಊರೊಳಗಿರುವ ತನಕ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ, ಗುಡಿಯ ಬಾಗಿಲು ತೆಗೆಯುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ನಾನೂ ಅಂಥದೇ ಹಳ್ಳಿಯವನು. ಆದರೆ ಗ್ರೀಸಿನಿಂದ ಬಂದ ಹೆಣಕ್ಕೂ ಅದು ಅನ್ವಯಿಸುತ್ತದೆ ಎಂದು ಯೋಚಿಸಿರಲಿಲ್ಲ.

“ಅದು ಹುಲ್ಲಿನ ಗೊಂಬೆ ಕಣಜ್ಜಿ,” ಎಂದೆ.

“ಗೊಂಬೆ ಅಂತ ನಮ್ಗೂ ಕಾಣ್ತದೆ ಕಣಪ್ಪ. ಇಷ್ಟೊತ್ತೂ ಎಣ ಎಣ ಅಂತ ನೀವೇ ಅಂದ್ರಲ್ಲ. ನಾವು ಅತ್ತುದ್ದು ಗೊಂಬೆಗಾ?”

“ಆ ಹುಡುಗಿ ಮಣ್ಣು ಹಾಕಿದಳು ಅಂತ ಕಾವಲುಗಾರ ಹೇಳಿದನಲ್ಲ?”

“ಏಳ್ದ. ಎಲ್ಲವ್ಳೆ ಆಕ್ದೋಳು? ಕಣ್ಣೆದುರ್ಗೇ ಬಿದ್ದೈತಲ್ಲ, ಒಂದ್ ಚೂರ್ ಮಣ್ಣಾದ್ರೂ ಐತಾ ಅದ್ರ ಮ್ಯಾಲೆ?”

ಗುಡಿಯ ಪೂಜಾರಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ದೂರ ನಿಂತಿದ್ದ. ಹಿಂದಿನಿಂದ ಒಬ್ಬ ಗಂಡಸು ರಾಜನನ್ನು ಗುರುತು ಹಿಡಿದುಬಿಟ್ಟ.

“ಏನ್ ರೆವಿನ್ಯೂ ಸಾಯೇಬ್ರೇ, ಜಮೀನ್ ಪಾಣಿ ಕೇಳುದ್ರೂ ಕೊಡಾಕಿಲ್ಲ, ಎಣ ಕೇಳುದ್ರೂ ಕೊಡಾಕಿಲ್ವಾ?”

ಜನ ನಕ್ಕರು, ಆದರೆ ಕೂತಲ್ಲಿಂದ ಏಳಲಿಲ್ಲ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ಕಟ್ಟೆಯಿಂದ ಇಳಿದರು. ಬುಡದಲ್ಲಿ ಸಡಿಲ ಮಣ್ಣಿತ್ತು. ಮೂರು ಹಿಡಿ ತಂದು ಗೊಂಬೆಯ ಎದೆಯ ಮೇಲೆ ಹಾಕಿದರು. ಅಭಿನಯ ಎನ್ನುವಂಥದ್ದೇನೂ ಇರಲಿಲ್ಲ. ಮುದುಕಿ ಎದ್ದಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಸಾಲೇ ಆಯಿತು. ಚಪ್ಪಲಿ ಬಿಟ್ಟು ಬಂದು ಒಬ್ಬೊಬ್ಬರೂ ಒಂದೊಂದು ಹಿಡಿ.

“ಬನ್ನಿ ಸಾಯೇಬ್ರೇ, ನೀವೂ ಆಕಿ,” ಎಂದಳು ಮುದುಕಿ, ಮೂಲೆಯಲ್ಲಿ ನಿಂತಿದ್ದ ಇನ್ಸ್‌ಪೆಕ್ಟರಿಗೆ.

“ನಾನ್ ರಾಜ ಕಣಮ್ಮ. ಆಕ್ಬ್ಯಾಡಿ ಅಂದೋನೇ ನಾನು.”

“ಅಂದಾಯ್ತಲ್ಲಪ್ಪ. ಈಗ ಬಂದು ಆಕು.”

ಅವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ. ರಟ್ಟಿನ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬಂದು ಒಂದು ಹಿಡಿ ಹಾಕಿದರು. ಊರಿನ ನಾಲ್ವರು ಗೊಂಬೆಯನ್ನು ಹೊತ್ತು ಕೆರೆಯ ಕಡೆ ನಡೆದು ದಡದಲ್ಲಿ ಹೂತರು. ಎಲ್ಲರೂ ಕೈಕಾಲು ತೊಳೆದುಕೊಂಡರು. ಪೂಜಾರಿ ಬಾಗಿಲು ತೆಗೆದ. ನಾವು ವ್ಯಾನಿಗೆ ಸಾಮಾನು ತುಂಬುವ ಹೊತ್ತಿಗೆ ಮನೆಮನೆಯ ಹೆಂಚಿನಿಂದ ಹೊಗೆ ಏಳುತ್ತಿತ್ತು.

ಮುಂದಿನ ಭಾನುವಾರ ತಾಲೀಮಿಗೆ ಸೇರಿದಾಗ ನಾನು ಒಂದು ಉಪಾಯ ತಂದಿದ್ದೆ. ಹೊಸ ಗೊಂಬೆ ಮಾಡುವುದೇ ಬೇಡ, ಹೆಣ ಕಾಣದಿದ್ದರೆ ಮಣ್ಣಿನ ಮಾತೂ ಬರುವುದಿಲ್ಲ.

“ಎಣಾನೇ ಇಲ್ದಿದ್ಮೇಲೆ ನಾನ್ ಯಾತರ ಮ್ಯಾಲೆ ಆಜ್ಞೆ ಮಾಡ್ಲಿ ಸಾ?” ಎಂದರು ಇನ್ಸ್‌ಪೆಕ್ಟರು. “ಬರೀ ನೆಲದ್ ಮ್ಯಾಲಾ? ನಂಗಂತೂ ಇನ್ನು ಬಾಯಲ್ಲಿ ಮಾತ್ ಬರಾಕಿಲ್ಲ.”

ಮೇಳದವರೂ ಹಾಗೇ ಅಂದರು. ವಿಶೇಷವೆಂದರೆ ನಾಲ್ವರೂ ಒಟ್ಟಿಗೇ ಅಂದರು.

ನರ್ಸಮ್ಮನನ್ನು ಆಚೆ ಕರೆದು ಕೇಳಿದೆ. “ನೋಡಮ್ಮ, ಅಧಿಕಾರಿಗಳು ಬೇಡ ಅಂದಿರೋದನ್ನ ಮಾಡಿದರೆ ಪೆಟ್ಟು ಬೀಳೋದು ನಿಮಗೆ. ಪ್ರೊಬೇಷನ್ ಇದೆ. ಮನೆ ಇದೆ.”

“ಗೊತ್ತು ಸಾ.”

“ಮತ್ತೆ?”

“ನೀವ್ ಏಳುದ್ರೂ ಆಕ್ತೀನಿ, ಏಳ್ದಿದ್ರೂ ಆಕ್ತೀನಿ. ಏಳುದ್ರೆ ಲೈಟು ಬುಡ್ತೀರಿ, ಅಷ್ಟೇಯ.”

ನಮ್ಮ ಲೈಟಿನ ವ್ಯವಸ್ಥೆ ಹಳೇ ಕಾಲದ್ದು. ಉಪ್ಪುನೀರು ತುಂಬಿದ ಮಣ್ಣಿನ ಕೊಳವೆಯಲ್ಲಿ ಲೋಹದ ಕಡ್ಡಿಯನ್ನು ಇಳಿಸುತ್ತ ಹೋದರೆ ರಂಗದ ದೀಪ ಏರುತ್ತದೆ, ಎತ್ತುತ್ತ ಬಂದರೆ ಇಳಿಯುತ್ತದೆ. ಕೈ ನಡುಗಬಾರದು, ಅಕ್ಕಪಕ್ಕ ಒದ್ದೆ ಇರಬಾರದು. ಆ ಕೆಲಸಕ್ಕೆ ಬೇರೆ ಯಾರೂ ಒಪ್ಪದೆ ಅದೂ ನನ್ನ ಪಾಲಿಗೇ ಬಂದಿತ್ತು. ಶ್ರೀರಂಗಪಟ್ಟಣದಲ್ಲಿ ನಾನು ರಂಗದ ಪಕ್ಕದಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಂಡು, ಒಣ ಹಲಗೆಯ ಮೇಲೆ ಕೂತು ಕಡ್ಡಿ ಹಿಡಿದಿದ್ದೆ. ಸಂಜೆ ನಾಲ್ಕರ ಪ್ರದರ್ಶನ, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಮುಂದಿನ ಸಾಲಿನಲ್ಲಿ ಅದೇ ಕಾಫಿ ತರಿಸಿದ್ದ ಅಧಿಕಾರಿಗಳು. ನಾನು ಕೂತಲ್ಲಿಗೆ ಅವರ ಮುಖ ಚೆನ್ನಾಗಿ ಕಾಣುತ್ತಿತ್ತು. ನನ್ನಂಥವನು ಕೂರಬಾರದ ಜಾಗ.

ಅನುಮತಿ ಸಿಕ್ಕ ಪ್ರತಿಯ ಪ್ರಕಾರ ಅಲ್ಲಿ ರಂಗ ಕತ್ತಲಾಗಿ ಕಾವಲುಗಾರ ಬರಬೇಕು. ದೀಪ ಇಳಿಸಿದೆ. ಕತ್ತಲಲ್ಲಿ ನರ್ಸಮ್ಮ ಬಂದು ಹೊಸ ಗೊಂಬೆಯ ಪಕ್ಕ ನಿಂತದ್ದು ಬಟ್ಟೆಯ ಸದ್ದಿನಿಂದ ತಿಳಿಯಿತು. ಒಂದು ಹಿಡಿ ಮಣ್ಣು ಬಿದ್ದದ್ದೂ ಕೇಳಿಸಿತು. ಕತ್ತಲಲ್ಲೇ ಮುಗಿಸಿಬಿಡುತ್ತಾರೆ, ಯಾರಿಗೂ ಕಾಣುವುದಿಲ್ಲ, ಎಲ್ಲರೂ ಬಚಾವು ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಹಾಗೆ ಲೆಕ್ಕ ಹಾಕುತ್ತಲೇ ನಾನು ಕಡ್ಡಿಯನ್ನು ಕೆಳಕ್ಕೆ ಇಳಿಸಿದೆ. ಧೈರ್ಯ ಮಾಡಿದೆ ಎಂದು ಹೇಳಿಕೊಳ್ಳಲಾರೆ. ಅವರು ಒಬ್ಬರೇ ಕತ್ತಲಲ್ಲಿ ಬಗ್ಗಿದ್ದಾರೆ ಎನ್ನುವುದನ್ನು ತಡೆದುಕೊಳ್ಳಲಾಗಲಿಲ್ಲ ಅಷ್ಟೆ.

ಬೆಳಕಿನಲ್ಲಿ ಎರಡನೆಯ ಹಿಡಿ, ಮೂರನೆಯ ಹಿಡಿ. ಮೇಳದವರು ಗೊಂಬೆಯನ್ನು ಹೆಗಲಿಗೆತ್ತಿದಾಗ ಸಭಾಂಗಣದ ಹಿಂದಿನ ಸಾಲುಗಳು ಎದ್ದವು. ಹೆಣ ಹಾದುಹೋಗುವಾಗ ಕೂತಿರುವುದು ನಮ್ಮ ಜನಕ್ಕೆ ಬರುವುದಿಲ್ಲ. ನಡುವಿನ ಸಾಲುಗಳೂ ಎದ್ದವು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು ಎದ್ದು ನಿಂತದ್ದನ್ನು ನಾನು ನೋಡಿದೆ. ನಿಂತ ಮೇಲೆ ಅವರಿಗೇ ಅರಿವಾದಂತಿತ್ತು. ಆದರೆ ಕೂರಲಿಲ್ಲ.

ಬಹುಮಾನ ಬರಲಿಲ್ಲ. ನೋಟಿಸು ಬಂತು, ಅದೂ ನರ್ಸಮ್ಮನಿಗೆ ಮಾತ್ರ. ಅನುಮತಿಯಿಲ್ಲದ ದೃಶ್ಯವನ್ನು ಅಭಿನಯಿಸಿದ್ದಕ್ಕೆ ಕಾರಣ ಕೊಡಿ ಎಂದು.

ನಾನು ಕೂತು ಒಂದು ಹೇಳಿಕೆ ಬರೆದೆ. ದೃಶ್ಯ ಸೇರಿಸಿದ್ದು ನಾನೇ, ಪಾತ್ರಧಾರಿ ನನ್ನ ಸೂಚನೆಯನ್ನು ಪಾಲಿಸಿದ್ದಾರೆ, ಹೊಣೆಯೆಲ್ಲ ನನ್ನದು ಎಂದು. ಬರೆದಾದ ಮೇಲೆ ಇನ್ನೆರಡು ಸಲ ಓದಿಕೊಂಡೆ. ವಿಚಾರಣೆಯ ದಿನ ಕಚೇರಿಯ ಹೊರಗಿನ ಬೆಂಚಿನ ಮೇಲೆ ಅವರಿಗೆ ತೋರಿಸಿದೆ.

“ಚೆನ್ನಾಗ್ ಬರ್ದಿದ್ದೀರಿ ಸಾ,” ಎಂದರು ಓದಿ. “ಆದ್ರೆ ಸುಳ್ಳಲ್ವಾ? ಸೂಚನೆ ಎಲ್ ಕೊಟ್ರಿ ನೀವು?”

“ಲೈಟು ಬಿಟ್ಟೆನಲ್ಲಮ್ಮ.”

“ಲೈಟ್ಗೆ ಎಷ್ಟಾಯ್ತದೋ ಅಷ್ಟ್ ಬರೀರಿ. ಮಣ್ಣು ನಂದು.”

ಮೂಲ ನಾಟಕದಲ್ಲಿ ಇನ್ನೊಬ್ಬಳು ಸಹೋದರಿ ಇದ್ದಾಳೆ. ಮೊದಲು ಹೆದರಿ ಹಿಂದೆ ಸರಿದು, ಆಮೇಲೆ ತಪ್ಪಿನಲ್ಲಿ ತನಗೂ ಪಾಲು ಬೇಕೆಂದು ಬಂದು, ಬೇಡ ಅನ್ನಿಸಿಕೊಳ್ಳುವವಳು. ನಟಿ ಸಿಗದೆ ಆ ಪಾತ್ರವನ್ನು ನಾನು ಬಿಟ್ಟಿದ್ದೆ. ಆ ಬೆಂಚಿನ ಮೇಲೆ ಕೂತಾಗ, ನಟಿ ಸಿಗದಿದ್ದರೇನು, ನಟ ಇಲ್ಲೇ ಇದ್ದನಲ್ಲ ಎನ್ನಿಸಿತು.

ಒಳಗೆ ಅಧಿಕಾರಿಗಳು ನಮ್ಮಿಬ್ಬರನ್ನೂ ಕೂರಿಸಿದರು. ಮುಖ ಬಾಡಿತ್ತು.

“ತಪ್ಪಾಯಿತು ಅಂತ ಒಂದು ಸಾಲು ಬರೆದುಕೊಡಮ್ಮ. ಇಲ್ಲಿಗೇ ಮುಗಿಸಿಬಿಡ್ತೀನಿ.”

“ಅನುಮತಿ ಇರ್ಲಿಲ್ಲ, ಅದು ನಿಜ ಸಾ. ಅದ್ನ ಬರ್ಕೊಡ್ತೀನಿ. ತಪ್ಪು ಅಂತ ಬರ್ಯಕ್ ಆಗಾಕಿಲ್ಲ.”

ತಾವೂ ಎದ್ದು ನಿಂತಿದ್ದಿರಲ್ಲ ಸಾರ್ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು, ಅಲ್ಲೇ ಜಾಗ ಹುಡುಕಿಕೊಂಡು ಕೂತಿತು. ಅವರೇ ಅದನ್ನು ಎತ್ತಿದರು.

“ನಾನೂ ಎದ್ದು ನಿಂತೆ ತಾಯಿ. ನನ್ನ ತಂದೆ ಹೋದಾಗ ಡ್ಯೂಟಿ ಮೇಲಿದ್ದೆ, ಊರಿಗೆ ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಅದಿರಲಿ. ನಾನು ನಿಂತದ್ದನ್ನ ಇಡೀ ಸಭೆ ನೋಡಿದೆ. ಅದಕ್ಕೇ ನಾನು ಬರೀಲೇಬೇಕಾಗಿದೆ. ಕೂತಿದ್ದಿದ್ದರೆ, ನಿದ್ದೆ ಬಂದಿತ್ತು, ನೋಡಲಿಲ್ಲ ಅಂತ ಹೇಳಬಹುದಿತ್ತು.”

ಬರೆದರು. ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ. ಕೆಲಸ ಹೋಗುವಂಥದ್ದನ್ನು ಬರೆಯಲಿಲ್ಲ. ಅಷ್ಟು ಮಟ್ಟಿಗೆ ಅವರ ಪೆನ್ನು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು.

ನಾನು ಎದ್ದು ನನ್ನ ಹೇಳಿಕೆಯನ್ನು ಮೇಜಿನ ಮೇಲಿಟ್ಟೆ. ಲೈಟಿನ ವಿಷಯ ಮಾತ್ರ ಇರುವ ಹಾಗೆ ಹೊರಗೇ ತಿದ್ದಿದ್ದೆ. ಅವರು ಓದಿ ವಾಪಸ್ಸು ಕೊಟ್ಟರು.

“ಇದನ್ನ ಇಟ್ಟುಕೊಂಡು ನಾನೇನು ಮಾಡಲಿ ಮೇಷ್ಟ್ರೇ? ನೀವು ಖಾಯಂ ಆಗಿ ಎಷ್ಟೋ ಕಾಲ ಆಯ್ತು. ನಾನು ಏನು ಬರೆದರೂ ನಿಮಗೇನೂ ಆಗಲ್ಲ. ಚಿಂತೆ ಬಿಟ್ಟು ಮನೆಗೆ ಹೋಗಿ.”

ಹೊರಗೆ ಕೆ.ಆರ್. ಪೇಟೆ ಬಸ್ಸು ನಿಂತಿತ್ತು. “ಒಂದ್ ವರ್ಸ ತಾನೆ ಸಾ, ಓಯ್ತದೆ ಬುಡಿ,” ಎಂದು ನರ್ಸಮ್ಮ ಹತ್ತಿದರು. ಮಾರನೆಯ ದಿನ ಮಕ್ಕಳಿಗೆ ಚುಚ್ಚುಮದ್ದು ಹಾಕುವುದಿತ್ತು, ಅವರಿಗೆ ಅದರ ಅವಸರ. ಬಸ್ಸು ಹೋದ ಮೇಲೂ ನಾನು ಆ ಕಾಗದ ಹಿಡಿದುಕೊಂಡು ನಿಂತೇ ಇದ್ದೆ. ಅಷ್ಟು ತಿಂಗಳು ನಾನು ಸಸ್ಪೆನ್ಷನ್ನಿಗೆ ಹೆದರಿದ್ದೆ, ಬೀದರಿಗೆ ವರ್ಗವಾದೀತೆಂದು ಹೆದರಿದ್ದೆ, ಪಿಂಚಣಿ ತಪ್ಪೀತೆಂದು ಹೆದರಿದ್ದೆ. ಅದರಲ್ಲಿ ಒಂದೂ ನನಗೆ ಆಗುವ ಹಾಗೇ ಇರಲಿಲ್ಲ.